ಉಂಡ ಮನೆಯ ಜಂತಿ: ಆಕ್ಸ್‌ಫರ್ಡಿನ ವಾಣಿಜ್ಯ ತೆರಿಗೆ ಕೇಂದ್ರವನ್ನು ಕುರಿತು

ವಿಶ್ವವಿದ್ಯಾಲಯಗಳ ಪಠ್ಯಕ್ರಮದಲ್ಲಿ ತೆರಿಗೆಯೆಂಬ ವಿಷಯಕ್ಕೆ ಸ್ವತಂತ್ರ ಸ್ಥಾನ ಬಹುಕಾಲ ದೊರೆಯಲಿಲ್ಲ. ಅರ್ಥಶಾಸ್ತ್ರದಲ್ಲಿ ಅದು ಸಾರ್ವಜನಿಕ ಹಣಕಾಸಿನ ಒಂದು ಅಧ್ಯಾಯವಾಗಿ, ಕಾನೂನಿನಲ್ಲಿ ಐಚ್ಛಿಕ ಪತ್ರಿಕೆಯಾಗಿ, ವಾಣಿಜ್ಯದಲ್ಲಿ ವರ್ಷವರ್ಷವೂ ಬದಲಾಗುವ ದರಗಳನ್ನು ಬಾಯಿಪಾಠ ಮಾಡಿಸುವ ಲೆಕ್ಕವಾಗಿ ಹರಿದು ಹಂಚಿಹೋಗಿತ್ತು. ಇದಕ್ಕಿಂತ ದೊಡ್ಡ ತೊಡಕೆಂದರೆ, ಈ ವಿಷಯದ ಮುಖ್ಯ ಸಾಮಗ್ರಿ ಇರುವುದು ಕಂಪನಿಗಳ ಲೆಕ್ಕಪುಸ್ತಕಗಳಲ್ಲಿ, ಸಲಹೆಗಾರರ ಕಡತಗಳಲ್ಲಿ ಮತ್ತು ತೆರಿಗೆ ಇಲಾಖೆಯ ದಾಖಲೆಗಳಲ್ಲಿ. ಈ ಮೂರೂ ಗೋಪ್ಯ. ಹೀಗಿರುವಾಗ ವಿದ್ವಾಂಸರು ಉದ್ಯಮದ ಬಾಗಿಲು ತಟ್ಟುವುದು ಸಹಜ. ಆ ಬಾಗಿಲಿನಿಂದ ತಿಳಿವಳಿಕೆಯ ಜೊತೆಗೆ ಹಣವೂ ಬರತೊಡಗಿದಾಗ ಪಾಂಡಿತ್ಯಕ್ಕೆ ಏನಾಗುತ್ತದೆಂಬುದನ್ನು ಪರಿಶೀಲಿಸಲು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಾಣಿಜ್ಯ ತೆರಿಗೆ ಕೇಂದ್ರ ತಕ್ಕ ನಿದರ್ಶನ.

2005ರಲ್ಲಿ ಆರಂಭವಾದ ಈ ಕೇಂದ್ರಕ್ಕೆ ಮೊದಲ ಬಂಡವಾಳ ಬಂದದ್ದು ಮುಖ್ಯವಾಗಿ ‘ಹಂಡ್ರೆಡ್ ಗ್ರೂಪ್’ ಎಂಬ ಕೂಟದ ಸದಸ್ಯ ಕಂಪನಿಗಳಿಂದ. ಲಂಡನ್ ಷೇರುಪೇಟೆಯ ಅತಿ ದೊಡ್ಡ ಕಂಪನಿಗಳ ಹಣಕಾಸು ನಿರ್ದೇಶಕರೆಲ್ಲ ಸೇರಿದ ಕೂಟವದು. ಅಂದರೆ ಬ್ರಿಟನ್ನಿನ ಕಂಪನಿ ತೆರಿಗೆಯ ದೊಡ್ಡ ಪಾಲನ್ನು ಕಟ್ಟುವವರು, ಅದನ್ನು ತಗ್ಗಿಸಿಕೊಳ್ಳುವುದರಲ್ಲಿ ಎಲ್ಲರಿಗಿಂತ ಹೆಚ್ಚು ಆಸಕ್ತಿಯುಳ್ಳವರು. ಕೇಂದ್ರ ನೆಲೆಗೊಂಡ ಸೈದ್ ಬಿಸಿನೆಸ್ ಸ್ಕೂಲ್ ಕೂಡ ಉದ್ಯಮಿಯೊಬ್ಬನ ದಾನದಿಂದ ಎದ್ದುನಿಂತದ್ದು. ಕಾನೂನು ವಿಭಾಗದಲ್ಲಿ 2001ರಿಂದ ಇದ್ದ ತೆರಿಗೆ ಕಾನೂನಿನ ಪ್ರಾಧ್ಯಾಪಕ ಪೀಠಕ್ಕೆ ಕೆಪಿಎಂಜಿ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯ ಹೆಸರಿತ್ತು. ಮುಂದೆ ಅದೇ ಪೀಠಕ್ಕೆ ಪಿನ್ಸೆಂಟ್ ಮೇಸನ್ಸ್ ಎಂಬ ವಕೀಲರ ಸಂಸ್ಥೆಯ ಹೆಸರು ಬಂತು. ಕುಳಿತ ವಿದ್ವಾಂಸೆ ಮಾತ್ರ ಒಬ್ಬರೇ, ಜುಡಿತ್ ಫ್ರೀಡ್‌ಮನ್.

ಉಂಡ ಮನೆಯ ಜಂತಿ ಎಣಿಸಬಾರದೆಂಬುದು ಕನ್ನಡದ ಗಾದೆ. ತೆರಿಗೆ ಸಂಶೋಧಕನ ಕಸುಬಾದರೋ ಜಂತಿ ಎಣಿಸುವುದೇ. ಹಾಗಾಗಿ ಉಂಡವರು ಎಣಿಸಿದರೇ ಇಲ್ಲವೇ ಎಂಬುದನ್ನು ದಾನಿಗಳ ಪಟ್ಟಿ ನೋಡಿ ತೀರ್ಮಾನಿಸದೆ ಬರಹಗಳನ್ನು ನೋಡಿಯೇ ತೀರ್ಮಾನಿಸಬೇಕು. ಫ್ರೀಡ್‌ಮನ್ ಅವರ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಕೆಪಿಎಂಜಿ ಹೆಸರಿನ ಪೀಠದಲ್ಲಿ ಕುಳಿತೇ ಅವರು 2004ರಲ್ಲಿ ತೆರಿಗೆ ತಪ್ಪಿಸುವಿಕೆಯ ವಿರುದ್ಧ ಒಂದು ಸಾಮಾನ್ಯ ತತ್ವ ಬೇಕೆಂದು ವಾದಿಸಿದರು. ಕಾನೂನಿನ ಅಕ್ಷರವನ್ನು ಮೀರದೆ ಅದರ ಉದ್ದೇಶವನ್ನು ಮಾತ್ರ ಮುರಿಯುವ ಕೃತಕ ವ್ಯವಹಾರಗಳನ್ನು ಅಸಿಂಧುಗೊಳಿಸುವ ನಿಯಮವೆಂದು ಇದರ ಅರ್ಥ. ಅಂಥ ನಿಯಮವೊಂದು 2013ರ ಹಣಕಾಸು ಕಾಯಿದೆಯಲ್ಲಿ ಸೇರಿತು. ಸಲಹಾ ಉದ್ಯಮಕ್ಕೆ ಅದು ಪ್ರಿಯವಾದ ವಾದವಾಗಿರಲಾರದು.

ಕೇಂದ್ರದ ವಿಷಯ ಇಷ್ಟು ಸರಳವಲ್ಲ. ಅದರ ನಿರ್ದೇಶಕರಾಗಿದ್ದ ಮೈಕೆಲ್ ಡೆವೆರೋ ಅವರು ರೇಚೆಲ್ ಗ್ರಿಫಿತ್ ಜೊತೆಗೂಡಿ ರೂಪಿಸಿದ ‘ಪರಿಣಾಮಿ ಸರಾಸರಿ ದರ’ ಎಂಬ ಅಳತೆ ಈ ಕ್ಷೇತ್ರದ ಗಟ್ಟಿ ಸಾಧನೆಗಳಲ್ಲೊಂದು. ಕಾಯಿದೆಯಲ್ಲಿ ಬರೆದ ದರವೊಂದನ್ನೇ ನೋಡದೆ, ಸವಕಳಿ ರಿಯಾಯಿತಿ ಮುಂತಾದವನ್ನೆಲ್ಲ ಲೆಕ್ಕಕ್ಕೆ ಹಿಡಿದು, ಲಾಭ ತರುವ ಒಂದು ಹೂಡಿಕೆಯಿಂದ ತೆರಿಗೆಯಾಗಿ ಎಷ್ಟು ಪಾಲು ಹೋಗುತ್ತದೆಂಬುದನ್ನು ಅದು ತಿಳಿಸುತ್ತದೆ. ಇಂಥ ಅಳತೆಗಳನ್ನು ಬಳಸಿ ಕೇಂದ್ರವು ದೇಶಗಳನ್ನು ಸಾಲಾಗಿ ನಿಲ್ಲಿಸಿ ಶ್ರೇಯಾಂಕ ಪ್ರಕಟಿಸಿತು. ಇದೇ ಹೊತ್ತಿಗೆ, 2010ರಲ್ಲಿ, ಬ್ರಿಟಿಷ್ ಸರ್ಕಾರ ಜಿ20 ದೇಶಗಳಲ್ಲೇ ಅತ್ಯಂತ ಸ್ಪರ್ಧಾತ್ಮಕವಾದ ಕಂಪನಿ ತೆರಿಗೆ ವ್ಯವಸ್ಥೆಯನ್ನು ಕಟ್ಟುವುದಾಗಿ ಘೋಷಿಸಿ, 28 ಪ್ರತಿಶತವಿದ್ದ ದರವನ್ನು 2017ರ ವೇಳೆಗೆ 19ಕ್ಕೆ ಇಳಿಸಿತು. ಶ್ರೇಯಾಂಕವೇ ಈ ನೀತಿಯನ್ನು ಹುಟ್ಟಿಸಿತೆನ್ನಲು ಆಧಾರವಿಲ್ಲ. ಇಂಥ ಅಳತೆಗಳು ದರ ಇಳಿದರೂ ಯಂತ್ರ ಕಟ್ಟಡಗಳ ರಿಯಾಯಿತಿ ಕಡಿತವಾದ್ದರಿಂದ ಹೂಡಿಕೆದಾರನ ಲಾಭ ಅಷ್ಟಕ್ಕಷ್ಟೇ ಎಂಬುದನ್ನೂ ಬಯಲಿಗೆ ತರಬಲ್ಲವು. ಆದರೂ ಸರ್ಕಾರದ ಪ್ರಶ್ನೆ, ಕಂಪನಿಯ ಪ್ರಶ್ನೆ, ಪಂಡಿತರ ಪ್ರಶ್ನೆ ಮೂರೂ ಒಂದೇ ಆಗಿದ್ದುದು ಗಮನಾರ್ಹ: ಹೂಡಿಕೆದಾರನಿಗೆ ಈ ದೇಶ ಎಷ್ಟು ಹಿತಕರ? ಹಾಗೆ ಇಳಿಸಿದ ದರದ ಹೊರೆ ಕೊನೆಗೆ ಯಾರ ಹೆಗಲೇರಿತೆಂಬ ಪ್ರಶ್ನೆಗೆ ಅಂಥ ಶ್ರೇಯಾಂಕಪಟ್ಟಿಯಲ್ಲಿ ಅಂಕಣವೇ ಇರುವುದಿಲ್ಲ. ಪೋಷಕರ ಪ್ರಭಾವ ಹುಡುಕಬೇಕಾದದ್ದು ಇಲ್ಲಿ. ಉತ್ತರವನ್ನು ತಿದ್ದಿಸುವಷ್ಟು ಒರಟಾದ ಕೆಲಸವನ್ನು ಯಾವ ಪ್ರತಿಷ್ಠಿತ ದಾನಿಯೂ ಮಾಡಬೇಕಾದ್ದಿಲ್ಲ. ಕೇಳುವ ಪ್ರಶ್ನೆ ತನಗೆ ಪರಿಚಿತವಾದದ್ದಾಗಿದ್ದರೆ ಸಾಕು.

ಈ ಕೇಂದ್ರದೊಡನೆ ಸಂಬಂಧವಿದ್ದ ಅತ್ಯಂತ ಅಹಿತಕರ ಸಂಶೋಧನೆ ಯಾವ ಸಾಮಗ್ರಿಯಿಂದ ಹುಟ್ಟಿತೆಂಬುದನ್ನು ಗಮನಿಸಿದರೆ ಈ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಬ್ರಿಟನ್ನಿನ ತೆರಿಗೆ ಇಲಾಖೆ ‘ಡೇಟಾಲ್ಯಾಬ್’ ಎಂಬ ವ್ಯವಸ್ಥೆಯ ಮೂಲಕ, ಹೆಸರು ಅಳಿಸಿದ ತೆರಿಗೆ ವಿವರಣಾಪತ್ರಗಳನ್ನು ಬಿಗಿ ಕಾವಲಿನಲ್ಲಿ ನೋಡಲು ಸಂಶೋಧಕರಿಗೆ ಅವಕಾಶ ಕೊಟ್ಟಿತು. ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ನಡೆಸಿದ ಕತಾರ್ಜಿನಾ ಬಿಲಿಕಾ ಅಲ್ಲಿಯ ದತ್ತಾಂಶವನ್ನು ಆಧರಿಸಿ, ವಿದೇಶಿ ಬಹುರಾಷ್ಟ್ರೀಯ ಕಂಪನಿಗಳ ಬ್ರಿಟಿಷ್ ಅಂಗಸಂಸ್ಥೆಗಳನ್ನು ಅದೇ ಬಗೆಯ, ಅದೇ ಗಾತ್ರದ ದೇಶೀಯ ಕಂಪನಿಗಳೊಂದಿಗೆ ಹೋಲಿಸಿದರು. ಆಸ್ತಿಗೆ ಹೋಲಿಸಿದರೆ ಅಂಗಸಂಸ್ಥೆಗಳು ತೋರಿಸಿದ ತೆರಿಗೆಯೋಗ್ಯ ಲಾಭ ದೇಶೀಯ ಕಂಪನಿಗಳು ತೋರಿಸಿದ್ದರ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಈ ಅಂತರದ ಬಹುಪಾಲು ಅಂಗಸಂಸ್ಥೆಗಳಲ್ಲಿ ಹಲವು ಸೊನ್ನೆ ಲಾಭ ತೋರಿಸಿದ್ದರಿಂದಲೇ ಉಂಟಾದದ್ದು. 2019ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಬಂಧದ ಬಲವಿರುವುದು ಹೋಲಿಕೆಯ ನಿಖರತೆಯಲ್ಲಿ. ಕಂಪನಿಗಳು ಷೇರುದಾರರಿಗೆ ಪ್ರಕಟಿಸುವ ಲೆಕ್ಕಗಳನ್ನಷ್ಟೇ ನೆಚ್ಚಿದ್ದರೆ ಈ ಅಂತರ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ, ಏಕೆಂದರೆ ಷೇರುದಾರನಿಗೆ ಹೇಳುವ ಲಾಭ ಮತ್ತು ತೆರಿಗೆ ಅಧಿಕಾರಿಗೆ ಹೇಳುವ ಲಾಭ ಬೇರೆಬೇರೆ. ಉದ್ಯಮದ ಸಹಭಾಗಿತ್ವ ಕಟ್ಟಡ, ಸಂಬಳ, ಸಮ್ಮೇಳನಗಳನ್ನು ಕೊಡಬಲ್ಲದು; ಆದರೆ ಪೋಷಕರ ಮನಸ್ಸಿಗೆ ಹಿತವಾಗದ ಸತ್ಯ ಹೊರಬಂದದ್ದು ತೆರಿಗೆ ಇಲಾಖೆಯ ದಾಖಲೆಯಿಂದ.

ಸೈದ್ಧಾಂತಿಕ ಬರಹಗಳಲ್ಲಿ ಕೇಂದ್ರದ ಸ್ವಾತಂತ್ರ್ಯ ಇನ್ನೂ ಹೆಚ್ಚು ಕಾಣುತ್ತದೆ. ಡೆವೆರೋ ಮತ್ತು ಆಲನ್ ಆಯರ್‌ಬ್ಯಾಕ್ ಮೊದಲಾದವರು ಬೆಳೆಸಿದ ‘ಗಮ್ಯಸ್ಥಾನ ಆಧಾರಿತ’ ತೆರಿಗೆಯಲ್ಲಿ ರಫ್ತಿನ ವರಮಾನಕ್ಕೆ ತೆರಿಗೆಯಿಲ್ಲ, ಆಮದಿಗೆ ಉಂಟು; ಕಚೇರಿಯನ್ನೋ ಪೇಟೆಂಟನ್ನೋ ತೆರಿಗೆ ಸ್ವರ್ಗಕ್ಕೆ ಸಾಗಿಸಿದಂತೆ ಕೊಳ್ಳುವ ಗ್ರಾಹಕನನ್ನು ಸಾಗಿಸಲಾಗದು ಎಂಬ ಸರಳ ಸತ್ಯದ ಮೇಲೆ ಅದು ನಿಂತಿದೆ. 2016ರಲ್ಲಿ ಅಮೆರಿಕದ ಕೆಳಮನೆಯ ರಿಪಬ್ಲಿಕನ್ನರು ಇದೇ ಜಾಡಿನ ಯೋಜನೆಯನ್ನು ಮುಂದಿಟ್ಟಾಗ ಅದನ್ನು ಪಟ್ಟುಹಿಡಿದು ವಿರೋಧಿಸಿದ್ದು ಆಮದನ್ನು ನಂಬಿದ ದೊಡ್ಡ ಚಿಲ್ಲರೆ ವ್ಯಾಪಾರಿ ಕಂಪನಿಗಳೇ. ಮರುವರ್ಷದ ಜುಲೈಯಲ್ಲಿ ಅದನ್ನು ಕೈಬಿಡಲಾಯಿತು. ದೊಡ್ಡ ಉದ್ಯಮದ ಮುಖವಾಣಿಯೆಂದು ಕೇಂದ್ರವನ್ನು ಜರೆಯುವವರು ಈ ಪ್ರಸಂಗವನ್ನು ಮರೆಯಬಾರದು.

ಇದೇ ಚಿಂತನೆಯನ್ನು ವಿಸ್ತರಿಸಿ, ಡೆವೆರೋ ಸೇರಿದಂತೆ ಆರು ಮಂದಿ ಬರೆದ ‘ಟ್ಯಾಕ್ಸಿಂಗ್ ಪ್ರಾಫಿಟ್ ಇನ್ ಎ ಗ್ಲೋಬಲ್ ಎಕಾನಮಿ’ 2021ರಲ್ಲಿ ಬಂತು. ಆರು ಲೇಖಕರಲ್ಲಿ ಅರ್ಥಶಾಸ್ತ್ರಜ್ಞರೂ ಕಾನೂನು ಪಂಡಿತರೂ ಅಮೆರಿಕದ ವೃತ್ತಿನಿರತ ತೆರಿಗೆ ವಕೀಲರೊಬ್ಬರೂ ಇದ್ದಾರೆ; ಸಹಭಾಗಿತ್ವ ಸಾರ್ಥಕವಾಗುವ ಬಗೆ ಬಹುಶಃ ಇದು. ಲಾಭದ ಮೇಲೆ ಮಾರುಕಟ್ಟೆಯ ದೇಶಕ್ಕೆ ಹೆಚ್ಚಿನ ಹಕ್ಕಿರಬೇಕೆಂಬ ದಿಕ್ಕಿನಲ್ಲಿ ಸಾಗುವ ಈ ವಾದ ಭಾರತದ ಓದುಗರಿಗೆ ಹೊಸದೆನಿಸದು. ವಿದೇಶಿ ತಂತ್ರಾಂಶ ಕಂಪನಿಗಳಿಗೆ ಇಲ್ಲಿಯ ಬಳಕೆದಾರರು ತೆತ್ತ ಹಣವನ್ನು ರಾಯಧನವೆಂದು ಕರೆದು ಅದರ ಮೇಲೆ ತೆರಿಗೆ ಹಾಕಬಹುದೆಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ಸ್ಯಾಮ್‌ಸಂಗ್ ಪ್ರಕರಣದಲ್ಲಿ ಹೇಳಿತ್ತು. 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ನಿಲುವನ್ನು ತಳ್ಳಿಹಾಕಿತು. ನ್ಯಾಯಾಲಯಗಳು ದೇಶಗಳ ನಡುವಿನ ತೆರಿಗೆ ಒಪ್ಪಂದಗಳ ಪದಗಳಿಗೆ ಕಟ್ಟುಬಿದ್ದು ಹುಡುಕಿದ ಹಕ್ಕನ್ನು ಆಕ್ಸ್‌ಫರ್ಡಿನ ಪುಸ್ತಕ ಆರ್ಥಿಕ ತರ್ಕದಿಂದ ಕಟ್ಟಿಕೊಡುತ್ತದೆ. ಆದರೆ ಬಡ ದೇಶದ ಇಲಾಖೆಗೆ ಅದನ್ನು ಜಾರಿಗೊಳಿಸುವ ತಾಳ್ಮೆ, ಸಿಬ್ಬಂದಿ ಎಲ್ಲಿಂದ ಬರಬೇಕೆಂಬುದನ್ನು ಅದು ಸಾಕಷ್ಟು ಯೋಚಿಸಿಲ್ಲ.

ಶಿಕ್ಷಣದ ಕಡೆಗೆ ನೋಡಿದರೆ, 2016ರಲ್ಲಿ ಕಾನೂನು ವಿಭಾಗದೊಡನೆ ಆರಂಭವಾದ ಎರಡು ವರ್ಷಗಳ ಅರೆಕಾಲಿಕ ಸ್ನಾತಕೋತ್ತರ ಪದವಿ ಕಾನೂನು, ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ ಮೂರನ್ನೂ ಒಂದೆಡೆ ತಂದದ್ದು ನಿಜವಾದ ಲಾಭ. ಅರೆಕಾಲಿಕವಾದ್ದರಿಂದ ಅದು ಕೆಲಸದಲ್ಲಿರುವ ವೃತ್ತಿಪರರಿಗೇ ಹೆಚ್ಚು ಒಗ್ಗುತ್ತದೆ. ಬಡ ದೇಶವೊಂದರ ತೆರಿಗೆ ಅಧಿಕಾರಿಗೆ ಅದು ಅಷ್ಟು ಸುಲಭವಾಗಿ ಎಟಕುವಂಥದ್ದಲ್ಲ. ಉದ್ಯಮದ ಹಣದಿಂದ ಹುಟ್ಟಿದ ಈ ಕೇಂದ್ರಕ್ಕೆ ವ್ಯತಿರಿಕ್ತವಾಗಿ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಸರ್ಕಾರಿ ಸಂಶೋಧನಾ ಮಂಡಳಿ, ತೆರಿಗೆ ಇಲಾಖೆ ಮತ್ತು ಖಜಾನೆ ಮೂವರ ಹಣದಿಂದ ತೆರಿಗೆ ಆಡಳಿತದ ಅಧ್ಯಯನ ಕೇಂದ್ರವೊಂದು ಹುಟ್ಟಿತು. ಅಲ್ಲಿಯೂ ಪ್ರಶ್ನೆಗಳು ಹಣ ಕೊಟ್ಟವರ ಕಡೆಗೇ ವಾಲುತ್ತವೆ: ತೆರಿಗೆದಾರ ಏಕೆ ಸರಿಯಾಗಿ ಕಟ್ಟುವುದಿಲ್ಲ, ಅವನನ್ನು ಕಟ್ಟಿಸುವುದು ಹೇಗೆ. ಈ ಎರಡು ಕೇಂದ್ರಗಳ ನಡುವೆ ತಪ್ಪಿಸಿಕೊಂಡ ವಿಷಯವೆಂದರೆ ಸಲಹೆ ಮಾರುವ ಉದ್ಯಮವೇ. ನಾಲ್ಕು ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳ ಸಿಬ್ಬಂದಿ ಖಜಾನೆಗೆ ಎರವಲಾಗಿ ಹೋಗಿ, ಕಾನೂನು ರಚನೆಗೆ ನೆರವಾಗಿ, ಹಿಂದಿರುಗಿ ಅದೇ ಕಾನೂನಿನ ಬಗ್ಗೆ ಕಕ್ಷಿದಾರರಿಗೆ ಸಲಹೆ ಕೊಡುವ ಪರಿಪಾಠವನ್ನು ಸಾಕ್ಷ್ಯಸಮೇತ ಬಿಡಿಸಿಟ್ಟದ್ದು ಮಾರ್ಗರೆಟ್ ಹಾಡ್ಜ್ ಅಧ್ಯಕ್ಷತೆಯ ಬ್ರಿಟಿಷ್ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ, 2013ರ ಏಪ್ರಿಲ್‌ನ ತನ್ನ ವರದಿಯಲ್ಲಿ. ಆ ಸಂಸ್ಥೆಗಳಲ್ಲೊಂದರ ಹೆಸರನ್ನೇ ಹೊತ್ತ ಪೀಠವಿದ್ದ ವಿಶ್ವವಿದ್ಯಾಲಯಕ್ಕೆ ಈ ಅಧ್ಯಯನ ದೂರದ್ದೇನೂ ಆಗಿರಲಿಲ್ಲ.