ತೆಳುಬಣ್ಣದ ಹದ: ಕಿರುಚಿತ್ರ ನೋಡಹೊರಟವರಿಗೆ

ವಸ್ತುಸಂಗ್ರಹಾಲಯದಲ್ಲಿ ಮೊಗಲ್ ಅಥವಾ ಪಹಾಡಿ ಕಿರುಚಿತ್ರದ ಮುಂದೆ ನಿಂತ ಹೊಸಬರು ಮೊದಲು ಹುಡುಕುವುದು ಕಥೆಯನ್ನು. ರಾಜ ಯಾರು, ಕೃಷ್ಣ ಎಲ್ಲಿ, ಆನೆ ಯಾಕೆ ಹಾಗೆ ಓಡುತ್ತಿದೆ? ಅದರಲ್ಲಿ ತಪ್ಪೇನಿಲ್ಲ. ಆದರೆ ಕಥೆ ತಿಳಿದ ಕೂಡಲೇ ಮುಂದಿನ ಚಿತ್ರಕ್ಕೆ ಹೊರಟುಬಿಟ್ಟರೆ ಆ ಪುಟ್ಟ ಹಾಳೆಯ ಮೇಲೆ ನಡೆದ ಅಸಲು ಕೆಲಸ ಕಣ್ತಪ್ಪಿಹೋಗುತ್ತದೆ. ಬಣ್ಣ ಎಷ್ಟು ತೆಳುವಾಗಿ ಕೂತಿದೆ, ಎಷ್ಟು ಸಲ ಕೂತಿದೆ ಎಂಬುದರಲ್ಲಿ ಆ ಕೆಲಸ ಅಡಗಿದೆ.

ಇಲ್ಲಿ ಬಣ್ಣವೆಂದರೆ ಮೂರೇ ಸಾಮಾನು: ಅರೆದ ಪುಡಿ, ಅಂಟು, ನೀರು. ಪುಡಿ ಬದಕ್ಷಾನಿನ ಗಣಿಯ ಲಾಜವರ್ದವೆಂಬ ನೀಲಿ ಕಲ್ಲಿನದ್ದಿರಬಹುದು, ಇಂಗಳೀಕದ್ದಿರಬಹುದು, ನೀಲಿಗಿಡದ್ದಿರಬಹುದು. ಅಂಟು ಸಾಮಾನ್ಯವಾಗಿ ಜಾಲಿ ಜಾತಿಯ ಮರದ ಗೋಂದು. ಅಂಟು ಕಡಿಮೆಯಾದರೆ ಒಣಗಿದ ಬಣ್ಣ ಬೆರಳಿಗೆ ಪುಡಿಪುಡಿಯಾಗಿ ಹತ್ತುತ್ತದೆ. ಜಾಸ್ತಿಯಾದರೆ ಬೇಡದ ಹೊಳಪು ಬಂದು ಬಿರುಕು ಬಿಡುತ್ತದೆ. ನೀರು ಸಾಲದಿದ್ದರೆ ಕುಂಚ ಹೋದ ದಾರಿ ಹಾಗೇ ಉಳಿಯುತ್ತದೆ. ನೀರು ಮಿತಿಮೀರಿದರೆ ಪುಡಿಯೆಲ್ಲ ಅಂಚಿಗೆ ಹರಿದು, ಮೇಜಿನ ಮೇಲೆ ಕಾಫಿ ಲೋಟ ಬಿಟ್ಟ ಉಂಗುರದ ಹಾಗೆ, ಸುತ್ತ ಗಾಢ ಗೆರೆ ಮೂಡುತ್ತದೆ. ಪಾಕ ತೆಗೆಯುವವರ ಬಾಯಲ್ಲಿ ಬರುವ ಹದ ಎನ್ನುವ ಮಾತು ಇದಕ್ಕೂ ಸರಿಯಾಗಿ ಒಪ್ಪುತ್ತದೆ.

ಈ ಹದದ ಚಿಂತೆ ಕನ್ನಡ ನೆಲಕ್ಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ವಜ್ರಲೇಪವೆಂಬ ಅಂಟಿನ ವಿಧಾನವೇ ಇದೆ. ಎಮ್ಮೆಯ ಚರ್ಮವನ್ನು ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಟ್ಟುಕೊಂಡು, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿಕೊಳ್ಳಬೇಕು.

ಇನ್ನು ಕಿರುಚಿತ್ರಕಾರನ ಪಕ್ಕದಲ್ಲೇ ಕೂತು ನೋಡಿದರೆ ಹೇಗಿರುತ್ತದೆ? ಹಾಳೆಯ ಮೇಲೆ ಹಾಳೆ ಅಂಟಿಸಿ ಮಾಡಿದ ವಸ್ಲಿ ಎಂಬ ದಪ್ಪ ಕಾಗದ ಮುಂದಿದೆ. ಮೊದಲು ರೇಖೆ. ಅದರ ಮೇಲೆ ತೆಳ್ಳನೆಯ ಬಿಳಿ ಪದರ, ಕೆಳಗಿನ ರೇಖೆ ಮಂಜಿನೊಳಗಿಂದ ಕಂಡಂತೆ ಕಾಣುವಷ್ಟು ಮಾತ್ರ. ರೇಖೆಯನ್ನು ಮತ್ತೆ ತಿದ್ದಿದ ಮೇಲೆ ಬಣ್ಣ. ಚಿಪ್ಪಿನಲ್ಲಿ ಕಲಸಿದ ಬಣ್ಣವನ್ನು ಅಳಿಲಿನ ಬಾಲದ ಕೂದಲಿನ ಕುಂಚದಿಂದ ಬಳಿದು, ಪೂರ್ತಿ ಒಣಗಲು ಬಿಟ್ಟು, ಮತ್ತೆ ಬಳಿಯುತ್ತಾರೆ. ಹಸಿಯಿರುವಾಗಲೇ ಕುಂಚ ಎರಡನೇ ಸಲ ಓಡಾಡಿದರೆ ಕೆಳಗಿನ ಪದರವೂ ಎದ್ದುಬರುತ್ತದೆ, ಯಾಕೆಂದರೆ ಗೋಂದು ನೀರು ಕಂಡರೆ ಮತ್ತೆ ಕರಗುತ್ತದೆ. ನಡುನಡುವೆ ಚಿತ್ರವನ್ನು ನುಣುಪಾದ ಕಲ್ಲಿನ ಮೇಲೆ ಬೋರಲು ಹಾಕಿ, ಬೆನ್ನಿನ ಕಡೆಯಿಂದ ಅಕೀಕು ಕಲ್ಲಿನಲ್ಲಿ ಉಜ್ಜುತ್ತಾರೆ. ಪದರಗಳು ಒಂದಕ್ಕೊಂದು ಒತ್ತಿಕೊಂಡು ದಂತದಂಥ ನುಣುಪು ಬರುವುದು ಆಗ. ದಪ್ಪ ಬಣ್ಣ ಆ ಉಜ್ಜುವಿಕೆಯನ್ನು ತಾಳದೆ ಚಕ್ಕೆ ಏಳುತ್ತದೆ. ಒಂದೇ ಸಲ ದಪ್ಪಗೆ ಬಳಿದು ಮುಗಿಸುವ ಹಾಗಿಲ್ಲ.

ಹಾಗಾದರೆ ಕಣ್ಣು ಎಲ್ಲಿ ನಿಲ್ಲಬೇಕು? ಮೊದಲು ಮಲ್ಮಲ್ ಬಟ್ಟೆಯ ಮೇಲೆ. ಮೊಗಲ್ ಆಸ್ಥಾನಿಕರು ತೊಡುವ ಜಾಮಾ ಎಂಬ ಪಾರದರ್ಶಕ ನಿಲುವಂಗಿಯ ಅಡಿ ಮೈಬಣ್ಣವನ್ನೋ ಇಜಾರಿನ ಬಣ್ಣವನ್ನೋ ಮೊದಲೇ ಪೂರ್ತಿ ಹಚ್ಚಿರುತ್ತಾರೆ. ಬಟ್ಟೆ ಎಂದರೆ ಅದರ ಮೇಲೆ ನೀರಿನಷ್ಟು ತೆಳುವಾದ ಬಿಳಿ. ಮಡಿಕೆ ಬಿದ್ದಲ್ಲಿ ಅದೇ ಬಿಳಿ ಇನ್ನೊಂದು ಪದರ. ಆಮೇಲೆ ಕೆನ್ನೆಯ ಮೇಲೆ. ಅಲ್ಲಿನ ನೆರಳು ಬಳಿದದ್ದಲ್ಲ, ಹೆಚ್ಚುಕಡಿಮೆ ಒಣಗಿದ ಕುಂಚದ ತುದಿಯಿಂದ ಚುಕ್ಕಿ ಮತ್ತು ಎಳೆಗಳಾಗಿ ಕೂಡಿಸಿದ್ದು. ಇದಕ್ಕೆ ಪರ್ದಾಖ್ತ್ ಎನ್ನುತ್ತಾರೆ. ಭೂತಗನ್ನಡಿ ಹಿಡಿದರೆ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ, ಕನ್ನಡಿ ತೆಗೆದರೆ ಬರೀ ಕೆನ್ನೆ.

ತೆಳು ಮತ್ತು ತುಂಬು ಬಣ್ಣಗಳ ವ್ಯತ್ಯಾಸ ಕಲಿಯಲು ‘ಸಾಯುತ್ತಿರುವ ಇನಾಯತ್ ಖಾನ್’ಗಿಂತ ಒಳ್ಳೆಯ ಪಾಠವಿಲ್ಲ. ಅಫೀಮಿನ ಚಟದಿಂದ ಎಲುಬುಗೂಡಾಗಿದ್ದ ಈ ಅಧಿಕಾರಿಯನ್ನು ಚಿತ್ರಿಸುವಂತೆ 1618ರಲ್ಲಿ ಮೊಗಲ್ ಬಾದಶಹ ಜಹಾಂಗೀರ್ ಅಪ್ಪಣೆ ಕೊಟ್ಟ. ಇದರ ಎರಡು ರೂಪಗಳು ಉಳಿದಿವೆ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿರುವುದು ಹೆಚ್ಚುಕಡಿಮೆ ಬರೀ ರೇಖೆ ಮತ್ತು ಬಣ್ಣದ ಸುಳಿವು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವುದು ಪೂರ್ತಿ ಬಣ್ಣದ್ದು. ಆಕ್ಸ್‌ಫರ್ಡಿನ ಚಿತ್ರ ಹೆಚ್ಚು ಪ್ರಸಿದ್ಧ. ಆದರೆ ಆ ಪಕ್ಕೆಲುಬುಗಳ ನಡುವಿನ ಬರಿದು ಬಾಸ್ಟನ್ನಿನ ಹಾಳೆಯಲ್ಲೇ ಹೆಚ್ಚು ನೋಯಿಸುತ್ತದೆ: ಅಲ್ಲಿ ಚರ್ಮದ ಜಾಗದಲ್ಲಿ ಕಾಗದವೇ ಇದೆ.

ಎಲ್ಲವೂ ತೆಳುವಾಗಿರಬೇಕೆಂದಲ್ಲ. ಮುತ್ತಿನ ಸರಕ್ಕೆ ಬಂದಾಗ ಕಲಾವಿದ ಬೇಕೆಂದೇ ಗಟ್ಟಿ ಬಿಳಿಯ ಹನಿ ಇಡುತ್ತಾನೆ, ಓರೆ ಬೆಳಕಿನಲ್ಲಿ ಅದು ಉಬ್ಬಿ ನೆರಳು ಬೀಳಿಸುತ್ತದೆ. ಪಹಾಡಿ ಸಂಸ್ಥಾನವಾದ ಬಸೋಹ್ಲಿಯ ಚಿತ್ರಕಾರರು ಪಚ್ಚೆಯ ಜಾಗದಲ್ಲಿ ಜೀರುಂಡೆಯ ರೆಕ್ಕೆಯ ಚೂರನ್ನೇ ಅಂಟಿಸಿದರು. ಮೈಸೂರು ಚಿತ್ರಗಳಲ್ಲಿ ಚಿನ್ನದ ಹಾಳೆಯ ಕೆಳಗೆ ಗೆಸ್ಸೋ ಎಂಬ ಪುಡಿ-ಅಂಟಿನ ಲೇಪದ ಉಬ್ಬು ಕೆಲಸವಿದೆ. ತಂಜಾವೂರಿನದಕ್ಕೆ ಹೋಲಿಸಿದರೆ ಅದರ ಉಬ್ಬು ತೀರಾ ಕಡಿಮೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಥ ಚಿತ್ರಗಳ ಎದುರು ನೇರ ನಿಲ್ಲುವ ಬದಲು ಒಂದು ಪಕ್ಕಕ್ಕೆ ಸರಿದು ನೋಡಿದರೆ ಕಿರೀಟ ಎದ್ದು, ಮುಖ ನುಣ್ಣಗೆ ಕೂತಿರುವುದು ಬೇರೆ ಬೇರೆಯಾಗಿ ಕಾಣುತ್ತದೆ.

ಅರ್ಧಕ್ಕೆ ನಿಂತ ಚಿತ್ರಗಳ ಮುಂದೆ ಮಾತ್ರ ಅವಸರ ಬೇಡ. ಇನ್ನೊಂದು ಪಹಾಡಿ ಸಂಸ್ಥಾನವಾದ ಗುಲೇರಿನ ಚಿತ್ರಕಾರ ನೈನ್‌ಸುಖ್ 18ನೇ ಶತಮಾನದಲ್ಲಿ ಬಿಡಿಸಿದ ಎಷ್ಟೋ ಹಾಳೆಗಳಲ್ಲಿ ಹಿನ್ನೆಲೆಗೆ ಬಣ್ಣವೇ ಇಲ್ಲ, ಅಲ್ಲಲ್ಲಿ ತೆಳು ಲೇಪವಷ್ಟೆ. ಅಂಥ ಹಾಳೆಯಲ್ಲಿ ಮೊದಲ ಗೆರೆ, ಅದನ್ನು ಮುಚ್ಚಿದ ಬಿಳಿ, ಆ ಬಿಳಿಯ ಮೇಲೆ ತಿದ್ದಿದ ಗೆರೆ, ಎಲ್ಲವೂ ಒಂದರ ಪಕ್ಕ ಒಂದು ಬಯಲಾಗಿ ನಿಂತಿರುತ್ತವೆ.