ಸಂಸ್ಕಾರಕಗಳ ಲೆಕ್ಕ, ಮಳೆಯ ಲೆಕ್ಕ
ಸಮಾಂತರ ಗಣನೆಯನ್ನು ಕುರಿತು ನಾನು ಓದಿದ ಕನ್ನಡ ಲೇಖನಗಳು ಬಹುಮಟ್ಟಿಗೆ 1991ರ ‘ಪರಮ್’ನಿಂದಲೇ ಆರಂಭವಾಗುತ್ತವೆ. ಬೆಂಗಳೂರಿನ ಎನ್.ಎ.ಎಲ್.ನಲ್ಲಿ ಯು.ಎನ್. ಸಿನ್ಹಾ ಮತ್ತು ಸಂಗಡಿಗರು 1986ರಲ್ಲಿ, ಹರಿವಿನ ಸಮೀಕರಣಗಳನ್ನು ಬಿಡಿಸಲೆಂದೇ ಕಟ್ಟಿದ ‘ಫ್ಲೋಸಾಲ್ವರ್’ಗೆ ಅಲ್ಲಿ ಜಾಗವಿಲ್ಲ. ಸಂಸ್ಕಾರಕಗಳ ಸಂಖ್ಯೆಯನ್ನೇ ಸಾಧನೆಯೆಂದು ಎಣಿಸುವುದು ಇನ್ನೂ ದೊಡ್ಡ ಕೊರತೆ. ಕೆಲಸದ ಹತ್ತನೇ ಒಂದು ಪಾಲನ್ನು ಹಂಚಲಾಗದಿದ್ದರೆ, ಸಾವಿರ ಸಂಸ್ಕಾರಕಗಳಿದ್ದರೂ ವೇಗ 10 ಪಟ್ಟು ಮೀರದು (ಆಮ್ಡಾಲ್, 1967).

ಮಳೆಯ ಮಾದರಿಯನ್ನೇ ನೋಡಿ. 100 ಕಿ.ಮೀ. ಬಾಹುವಿನ ಒಂದೇ ಚೌಕದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಅಡಗಬಲ್ಲವು. ಲೆಕ್ಕದಲ್ಲಿ ನಾಲ್ಕಕ್ಕೂ ಒಂದೇ ಮಳೆ! ಬಾಹುವನ್ನು ಅರ್ಧಕ್ಕಿಳಿಸಿದರೆ, ಎತ್ತರದ ಪದರಗಳು ಹಾಗೇ ಇದ್ದರೂ, ಕಾಲದ ಹೆಜ್ಜೆ ಕಿರಿದಾಗಿ ಗಣನೆ 8 ಪಟ್ಟಾಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ರಾಗಿ ಬಿತ್ತುವವರಿಗೆ, ಮಾಲೂರಿನಲ್ಲಿ ಸುರಿದು ಮುಳಬಾಗಿಲಿಗೆ ಬಾರದ ಗುಡುಗುಮಳೆಯ ಸುಳಿವು ಬೇಕು. ಅದಕ್ಕೆ ಸುಮಾರು 3 ಕಿ.ಮೀ. ಚೌಕವಾದರೂ ಬೇಕು, ಗಣನೆ 32,768 ಪಟ್ಟು.