ಅತಿಶಯೋಕ್ತಿಗೂ ನಿಮಿತ್ತ ಬೇಕು

ಮುನ್ನುಡಿ, ಅಭಿನಂದನ ಗ್ರಂಥ, ಸನ್ಮಾನದ ಭಾಷಣ, ಶ್ರದ್ಧಾಂಜಲಿ ಲೇಖನ, ಎಲ್ಲಿ ನೋಡಿದರೂ ಒಂದು ಮಾತು ತಪ್ಪದೆ ಬರುತ್ತದೆ: ‘ಇವರು ನಾಡು ಕಂಡ ಅಪರೂಪದ ಪ್ರತಿಭೆ ಎಂದರೆ ಅತಿಶಯೋಕ್ತಿಯಲ್ಲ.’ ಹೊಗಳಿಕೆ ಹೆಚ್ಚಾಯಿತೇನೋ ಎಂಬ ಅಳುಕು ಹೇಳುವವರಿಗೇ ಇರುತ್ತದೆ. ಆದರೆ ಆ ಪ್ರತಿಭೆ ಕಾಣುವ ಒಂದು ಕವಿತೆಯನ್ನೋ ಒಂದು ಕೆಲಸವನ್ನೋ ಎತ್ತಿ ತೋರಿಸುವುದಿಲ್ಲ. ಯಾರೂ ಎತ್ತದ ಆಕ್ಷೇಪವನ್ನು ತಾವೇ ತಳ್ಳಿಹಾಕಿ ಮುಂದೆ ಹೋಗುತ್ತಾರೆ. ಹೀಗೆ ಬಳಸಿ ಬಳಸಿ, ಅತಿಶಯೋಕ್ತಿ ಎಂದರೆ ಸುಳ್ಳಿಗಿಟ್ಟ ಸಭ್ಯ ಹೆಸರು ಎಂಬಂತಾಗಿದೆ.

ಅಲಂಕಾರಶಾಸ್ತ್ರದಲ್ಲಿ ಅದರ ಸ್ಥಾನವೇ ಬೇರೆ. ದಂಡಿ ಅದನ್ನು ಅಲಂಕಾರಗಳಲ್ಲೇ ಉತ್ತಮವೆಂದು ಕರೆದ. ಲೋಕದ ಎಲ್ಲೆ ಮೀರಿದ ಮಾತು ಎಂದು ಅದನ್ನು ವಿವರಿಸಿದ ಭಾಮಹ, ಜೊತೆಗೆ ‘ನಿಮಿತ್ತ’ವನ್ನೂ ಸೇರಿಸಿದ. ಎಲ್ಲೆ ಮೀರಬಹುದು, ಆದರೆ ಮೀರಲು ಕಾರಣವಿರಬೇಕು.

ಆ ಕಾರಣ ಎಂಥದ್ದೆಂದು ತಿಳಿಯಲು 10ನೇ ಶತಮಾನದ ಕೊನೆಯಲ್ಲಿ ರನ್ನ ಬರೆದ ‘ಗದಾಯುದ್ಧ’ವನ್ನು ನೋಡಬೇಕು. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ನಿಂತು ಭೀಮ ಅಬ್ಬರಿಸುತ್ತಾನೆ. ಅದನ್ನು ಕೇಳಿ ದುರ್ಯೋಧನ ನೀರಿನೊಳಗಿದ್ದೂ ಬೆವರುತ್ತಾನೆ. ನಡೆಯಲಾರದ ಸಂಗತಿ ಇದು, ಆದರೂ ಓದುಗ ತಕರಾರು ತೆಗೆಯುವುದಿಲ್ಲ. ಅಡಗಿ ಕೂರಬೇಕಾದ ಅವಮಾನ, ಎದ್ದು ಬರಲು ಕುದಿಯುವ ರೋಷ, ಎರಡೂ ಆ ಬೆವರಿನಲ್ಲಿವೆ. ಸುತ್ತಲ ನೀರು ಕೂಡ ಅವನನ್ನು ತಣಿಸಲಾರದು. ಇದನ್ನು ಅಳತೆ ಮೀರದೆ ಹೇಳಿದ್ದರೆ ಅವನ ಛಲ ಇಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ.

ಅದೇ ಕಾವ್ಯದಲ್ಲಿ ರನ್ನ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸುತ್ತಾನೆ. ಅದೂ ಅತಿಶಯವೇ. ಆದರೆ ಅದಕ್ಕೆ ನಿಮಿತ್ತ ಒದಗಿಸಿದ್ದು ಆಸ್ಥಾನ, ಕಥೆಯಲ್ಲ. ಹಾಗಾಗಿಯೇ ಇಂದಿಗೂ ಓದುಗರ ಮನಸ್ಸಿನಲ್ಲಿ ಉಳಿದಿರುವವನು ಸೋತ ದುರ್ಯೋಧನ, ಹೊಗಳಿಸಿಕೊಂಡ ದೊರೆಯಲ್ಲ.

ನಮ್ಮ ಮುನ್ನುಡಿಕಾರರೂ ಭಾಷಣಕಾರರೂ ಈಗ ಹಿಡಿದಿರುವುದು ಈ ಎರಡನೆಯ ದಾರಿ. ಇದರಿಂದ ಹೆಚ್ಚು ನಷ್ಟವಾಗುವುದು ನಿಜವಾಗಿ ಹೊಗಳಿಕೆಗೆ ಅರ್ಹರಾದವರಿಗೆ. ಎಲ್ಲರಿಗೂ ಒಂದೇ ಮಾತು ಸಂದರೆ ಹೊಸ ಕವಿಯೊಬ್ಬರ ಒಳ್ಳೆಯ ಸಂಕಲನವನ್ನು ಗುರುತಿಸಿ ಹೇಳಲು ಮಾತೇ ಉಳಿಯುವುದಿಲ್ಲ. ಮುನ್ನುಡಿ ಬರೆಯುವವರು ಆ ಸಂಕಲನದ ಒಂದೇ ಕವಿತೆಯನ್ನು ಹಿಡಿದು, ಅದು ಎಲ್ಲಿ ಮೇಲೇರಿತು, ಎಲ್ಲಿ ಮುಗ್ಗರಿಸಿತು ಎಂದು ತೋರಿಸಲಿ. ಅಷ್ಟು ಮಾಡಿದ ಮೇಲೆ ಎಷ್ಟು ದೊಡ್ಡ ಮಾತನ್ನಾದರೂ ಆಡಲಿ, ಓದುಗರು ಒಪ್ಪುತ್ತಾರೆ.